ತಟ್ಟಿಯ ಮರೆ

ನನ್ನ ಅಜ್ಜಿ ಪ್ಲೇಗಿನಲ್ಲಿ ಸತ್ತಳೆಂದು ಓಣಿಯವರು ಹೇಳುತ್ತಾರೆ. ವ್ರತ ಹಿಡಿದು ದೇಹ ಬಿಟ್ಟಳೆಂದು ನಮ್ಮ ಮನೆಯವರು. ಎರಡೂ ಅಲ್ಲವೆಂದು ನನಗೆ ಗೊತ್ತಿದೆ ಎಂದುಕೊಂಡೇ ಇಷ್ಟು ವರ್ಷ ಇದ್ದೇನೆ. ಬರೆಯಲು ಕುಳಿತರೆ ಒಂದೊಂದೇ ಸಂಗತಿ ಕೈಯಿಂದ ಜಾರುತ್ತದೆ.

ಇಪ್ಪತ್ತರ ದಶಕದ ನಡುವಿನ ಒಂದು ವರ್ಷ. ಪುಣೆಯಲ್ಲಿ ಬಿ.ಎ. ಮುಗಿಸಿ ಬೆಳಗಾವಿಗೆ ಬಂದಿದ್ದೆ. ಮಾಡಲು ಕೆಲಸವಿರಲಿಲ್ಲ, ವ್ರತ ನೇಮಗಳೆಲ್ಲ ಹುಸಿಯೆಂದು ಸಿಕ್ಕಸಿಕ್ಕವರೊಡನೆ ವಾದಿಸುತ್ತ ತಿರುಗುತ್ತಿದ್ದೆ. ದೀಪಾವಳಿ ಕಳೆದ ಮೇಲೆ ನಮ್ಮ ಓಣಿಯಲ್ಲಿ ಇಲಿ ಸತ್ತು ಬಿದ್ದವು, ಪ್ಲೇಗು ಬಂತೆಂಬುದರ ಗುರುತು ಅದು. ಇಲಿ ಬಿದ್ದರೆ ಏನು ಮಾಡಬೇಕೆಂದು ಆಗ ಊರಿಗೆಲ್ಲ ಗೊತ್ತಿತ್ತು. ಮನೆಗೆ ಕೀಲಿ ಹಾಕಿ, ಹಾಸಿಗೆ ಪಾತ್ರೆ ಚಕ್ಕಡಿಗೆ ಹೇರಿ, ಸ್ಟೇಶನ್ ದಾಟಿ ಟಿಳಕವಾಡಿಯ ಆಚೆ ಹೊಲದಲ್ಲಿ ಗುಡಿಸಲು ಹಾಕುವುದು. ಬಿದಿರಿನ ತಟ್ಟಿಯ ಗೋಡೆ, ಹುಲ್ಲಿನ ಮಾಡು. ಹತ್ತು ಹನ್ನೆರಡು ಜೈನ ಮನೆಗಳವರು ಒಂದೇ ಹೊಲದಲ್ಲಿದ್ದೆವು, ಆದರೆ ಬೇನೆಯ ಹೆದರಿಕೆಗೆ ಒಬ್ಬರ ಗುಡಿಸಲಿಗೆ ಒಬ್ಬರು ಹೋಗುತ್ತಿರಲಿಲ್ಲ. ಮುದುಕಿಯರು ಚಾಪೆಯ ಮೇಲೆ ಕುಳಿತು ಹಗಲೆಲ್ಲ ಬಯಲು ನೋಡುತ್ತಿದ್ದರು.

ಅಜ್ಜಿಗೆ ಎರಡೂ ಮೊಣಕಾಲು ಹಿಡಿದಿದ್ದವು. ಊರಲ್ಲಿ ಅವಳಿಗೆ ಪಕ್ಕದ ಮನೆಯ ಮುದುಕಿಯ ಜೊತೆಯಿತ್ತು. ಅವರದು ಎಮ್ಮೆ ಕಟ್ಟಿದ ಮನೆ. ನಾವು ಅವಳನ್ನು ಎಮ್ಮಿ ಅಜ್ಜಿ ಅನ್ನುತ್ತಿದ್ದೆವು. ಇಲಿ ಬಿದ್ದ ದಿನವೇ ಅಳಿಯ ಬಂದು ಅವಳನ್ನು ಖಾನಾಪುರಕ್ಕೆ ಕರೆದೊಯ್ದ.

ಮೂರನೆಯ ವಾರದಲ್ಲಿ ಅಜ್ಜಿ ತಾಟು ಹಿಂದಕ್ಕೆ ಸರಿಸತೊಡಗಿದಳು. ಮೊದಲು ಒಂದು ಹೊತ್ತು, ಆಮೇಲೆ ಎರಡೂ ಹೊತ್ತು. ಕಡೆಗೆ ನೀರೂ ಒಂದೆರಡು ಗುಟುಕಷ್ಟೆ. ಜ್ವರವಿಲ್ಲ, ಪ್ಲೇಗಿನ ಗಂಟಿಲ್ಲ. ಅವ್ವ ಗೋಗರೆದು ನೋಡಿದಳು. ಆಗ ಬಾಜೂ ಗುಡಿಸಲಿನ ಹಿರಿಯರೊಬ್ಬರು ದೂರದಿಂದಲೇ ಅಪ್ಪನಿಗೆ ಹೇಳಿದರು: "ಒತ್ತಾಯ ಮಾಡಬ್ಯಾಡ್ರಿ. ನಿಮ್ಮವ್ವ ಸಲ್ಲೇಖನ ಹಿಡಿದಾರ. ಪುಣ್ಯವಂತರು, ಅಂಥವ್ರು ಬಾಯಿಬಿಟ್ಟು ಹೇಳೂದಿಲ್ಲ."

ತನ್ನ ಆಯುಷ್ಯ ಮುಗಿಯಿತೆಂದು ಅರಿತವರು ಅನ್ನ ನೀರು ಬಿಟ್ಟು ಶಾಂತವಾಗಿ ಹೋಗುವ ವ್ರತ ಅದು. ಅದಕ್ಕೆ ಮುನಿಗಳ ಅಪ್ಪಣೆ ಬೇಕು. ಆ ಬೇನೆಯಲ್ಲಿ ಮುನಿಗಳನ್ನು ಎಲ್ಲಿಂದ ತರುವುದು? ಅಪ್ಪ ನಂಬಿದ. ನಂಬಿದ ಮೇಲೆ, ಉಣ್ಣು ಎನ್ನುವುದೇ ಪಾಪವಾಯಿತು. ಅಲ್ಲಿಯತನಕ ನಮ್ಮ ಬಾಗಿಲಿಗೆ ಬಾರದವರೆಲ್ಲ ಬಂದರು, ಕಾಲು ಮುಟ್ಟಿದರು, ಸ್ತೋತ್ರ ಹೇಳಿದರು. ಅಜ್ಜಿ ಎದ್ದು ಕುಳಿತು, ಸೆರಗು ಸರಿಮಾಡಿಕೊಂಡು, ಒಬ್ಬೊಬ್ಬರ ಮಕ್ಕಳು ಮರಿಯನ್ನೂ ವಿಚಾರಿಸಿದಳು. ವ್ರತವಲ್ಲವೆಂದು ಹೇಳಲಿಲ್ಲ.

ನಾನು ಅಪ್ಪನೊಡನೆ ವಾದಿಸಿದೆ. ಎರಡು ದಿನ ವಾದಿಸಿದೆ. ಅಜ್ಜಿಯನ್ನು ಮಾತ್ರ ಏನೂ ಕೇಳಲಿಲ್ಲ. ಆ ಗದ್ದಲದ ನಡುವೆ ಅವಳು "ಈಟು ಕೈ ಕೊಡೋ, ಏಳಬೇಕು" ಎಂದು ಕರೆದಳು, ನಾನು "ತಡಿ ಅಜ್ಜಿ" ಎಂದೆ ಎಂದು ನೆನಪಿದೆ. ಆದರೆ ಇದು ಆಮೇಲೆ ನನ್ನ ಮನಸ್ಸು ಕಟ್ಟಿಕೊಂಡದ್ದೂ ಇರಬಹುದು. ಅವ್ವನನ್ನು ಕೇಳಿದೆ, ಅವಳಿಗೆ ನೆನಪಿಲ್ಲ.

ಅಜ್ಜಿ ಯಾರ ಮಾತನ್ನಾದರೂ ಕೇಳಿದರೆ ಎಮ್ಮಿ ಅಜ್ಜಿಯದನ್ನೇ ಕೇಳಬೇಕು. ಮರುದಿನ ಬೆಳಗಿನ ಗಾಡಿಗೆ ಖಾನಾಪುರಕ್ಕೆ ಹೋದೆ. ಬೆಳಗಾವಿಯವರನ್ನು ಊರೊಳಗೆ ಬಿಡುತ್ತಿರಲಿಲ್ಲ. ಬೇಲಿಯ ಆಚೆಯಿಂದ ಅವಳ ಅಳಿಯ "ತಿಥಂಚ ಥಾಂಬಾ!" ಎಂದು ಮರಾಠಿಯಲ್ಲಿ ಕೂಗಿದ. ಗುರುತು ಹತ್ತಿದ ಮೇಲೆ, "ಅಲ್ಲೇ ನಿಲ್ಲ್ರಿ, ಸಿಟ್ಟಾಗಬ್ಯಾಡ್ರಿ" ಎಂದು ಮುದುಕಿಯನ್ನು ಕರೆದ.

ನಾನು ಕೂಗಿ ಹೇಳಿದ್ದನ್ನೆಲ್ಲ ಕೇಳಿ ಎಮ್ಮಿ ಅಜ್ಜಿ ನಕ್ಕಳು. "ವ್ರತ ಅಂತ ವ್ರತ! ಉಪಾಸದ ದಿನ ನನ್ನ ಹಿತ್ತಲದಾಗ ಕುಂತು ಶೇಂಗಾ ತಿಂದಾಕಿ ಆಕಿ. ಅದಿರ್ಲಿ, ಅಲ್ಲಿ ಬಯಲಕಡಿಗೆ ಹೆಂಗ ಹೋಗ್ತಾಳ?"

"ಹೆಂಗಸರೆಲ್ಲಾ ನಸುಕಿನ್ಯಾಗ ಹೋಗ್ತಾರ."

"ಮೊಣಕಾಲ ಹಿಡಿದಾಕಿ ಕುಂತರ ಏಳಾಕ ಬರತೈತೇನು? ಇಷ್ಟ ದಿವಸ ಯಾರು ಎಬ್ಬಸ್ತಿದ್ರು ಅಂತ ತಿಳದಿ? ದಿನಾ ಹಿತ್ತಲ ಬಾಗಲದಿಂದ ನಾ ಹೋಗಿ ಎರಡೂ ಕೈ ಹಿಡದು ಎಬ್ಬಸ್ತಿದ್ದೆ. ಸೊಸಿ ಮುಂದ ಹೇಳಾಕ ನಾಚಿಕಿ ಆಕಿಗೆ. ಉಂಡ್ರ ಹೋಗಬೇಕಾಗ್ತೈತಿ ಅಂತ ಉಣ್ಣೂದ ಬಿಟ್ಟಾಳ. ಬಿ.ಎ. ಪಾಸಾದಿ ಅಂತ ನಿಮ್ಮಪ್ಪ ಓಣಿಗೆಲ್ಲಾ ಪೇಡೆ ಹಂಚಿದ, ಇಷ್ಟು ತಿಳೀಲಿಲ್ಲಲ್ಲೋ!"

ನೀನೇ ಬಾ ಎಂದೆ. ಅವಳು ಅಳಿಯನ ಕಡೆ ನೋಡಿದಳು. "ಹೋದ್ರ ಹೊಳ್ಳಿ ಊರಾಗ ಬಿಡಾಂಗಿಲ್ಲ, ಅತ್ತಿ" ಎಂದ ಅವನು. ಅವಳ ನಗು ನಿಂತುಹೋಗಿತ್ತು. "ಜಲ್ದಿ ಹೋಗು, ತಮ್ಮಾ" ಎಂದಳು.

ಗುಂಜಿಯ ಕಡೆಯಿಂದ ಬರಬೇಕಾದ ಗಾಡಿ ತಡವಾಗಿ ಬಂತು. ಗುಡಿಸಲು ಮುಟ್ಟಿದಾಗ ಇನ್ನೂ ಬಿಸಿಲಿತ್ತು. ಬಾಗಿಲ ತುಂಬ ಜನ. ಅವರೆದುರು ಇಂಥ ಮಾತು ಹೇಗೆ ಆಡುವುದು? ಮಾಡಿ ತೋರಿಸುತ್ತೇನೆಂದು ಗುದ್ದಲಿ ಹಿಡಿದು ಗುಡಿಸಲ ಹಿಂದೆ ಕುಣಿ ತೋಡಿದೆ. ಎರಡು ಬದಿಗೆ ಕಲ್ಲಿಟ್ಟೆ, ಹಿಡಿದು ಏಳಲು ಗೂಟ ಹುಗಿದೆ, ಸುತ್ತ ತಟ್ಟಿ ಕಟ್ಟಿದೆ. ಅಪ್ಪ ಒಮ್ಮೆ ಬಂದು ನೋಡಿ ಹೋದ. ಆಮೇಲೆ ಜನ ಚದುರಿದಾಗ ತಂಬಿಗೆಯಲ್ಲಿ ನೀರು ಹಿಡಿದು ಒಳಗೆ ಹೋಗಿ, ಹಿಂದೆ ಮರೆ ಕಟ್ಟಿ ಗೂಟ ಹುಗಿದದ್ದನ್ನು ಅಜ್ಜಿಯ ಕಿವಿಯಲ್ಲಿ ಹೇಳಿದೆ. ಅವಳು ಬೊಬ್ಬೆ ಎದ್ದ ನನ್ನ ಅಂಗೈಯನ್ನು ಬಹಳ ಹೊತ್ತು ನೋಡಿದಳು.

"ಆಕಿ ಹೇಳಿದಳೇನು?"

"ಹೂಂ. ಕುಡಿ, ಅಜ್ಜಿ."

"ಎಲ್ಲಾರೂ ಕಾಲ ಮುಟ್ಟಿ ಹೋದ್ರಲ್ಲೋ. ಈಗ ಹೆಂಗ ಕುಡೀಲಿ? ನಿಮ್ಮಪ್ಪ ಮಂದಿಗೆ ಹೆಂಗ ಮಾರಿ ತೋರಿಸ್ಯಾನು?"

"ಅಪ್ಪನ ಮಾರಿ ನಾ ನೋಡ್ಕೋತೀನಿ. ನೀ ಕುಡಿ."

ಅವಳು ಬಾಗಿಲ ಕಡೆ ತಿರುಗಿದಳು. "ಹೊತ್ತು ಮುಳುಗೇತಿ. ಮುಂಜಾನೆ ಕುಡೀತೀನಿ, ತಗೋ."

ಹೊತ್ತು ಮುಳುಗಿದ ಮೇಲೆ ಹನಿ ನೀರೂ ಬಾಯಿಗೆ ಹಾಕದಿರುವುದು ಅವಳು ಬಾಲ್ಯದಿಂದ ನಡೆಸಿಕೊಂಡು ಬಂದ ನೇಮ. ಶೇಂಗಾ ತಿಂದವಳಿರಬಹುದು, ಈ ನೇಮ ಎಂದೂ ಮುರಿದವಳಲ್ಲ. "ಇನ್ನೂ ಬೆಳಕೈತಿ" ಎಂದು ವಾದಿಸಿದೆ. ಬೇಡಿಕೊಂಡೆ. ಬೆಳಕು ಇತ್ತೋ ಇಲ್ಲವೋ ಇವತ್ತಿಗೂ ಆಣೆಮಾಡಿ ಹೇಳಲಾರೆ. ನನ್ನ ನೆನಪಿನಲ್ಲಿ ಹುಲ್ಲಿನ ಮಾಡಿನ ಮೇಲೆ ಕೆಂಪು ಬಿಸಿಲಿದೆ. ಅಷ್ಟೊತ್ತಿಗೆ ಕಂದೀಲು ಹಚ್ಚಿಯಾಗಿತ್ತು ಎನ್ನುತ್ತಾಳೆ ಅವ್ವ. ಬಂದ ಕೂಡಲೇ ಜನರನ್ನು ಸರಿಸಿ ನೀರು ಕೊಟ್ಟು, ಆಮೇಲೆ ಗುದ್ದಲಿ ಹಿಡಿಯಬಹುದಿತ್ತು. ಅದಕ್ಕೆ ನೆನಪನ್ನು ದೂರಲು ಬರುವುದಿಲ್ಲ.

ಮುಂಜಾನೆ ಅವಳು ಮಾತಿಗೆ ತಪ್ಪದೆ ಬಾಯಿ ತೆರೆದಳು. ಚಮಚದಿಂದ ಹಾಕಿದ ನೀರು ಗಂಟಲಿಗಿಳಿಯದೆ ಕಟಬಾಯಿಯಿಂದ ಹೊರಗೆ ಬಂತು. ಮತ್ತೆ ಹಾಕಿದೆ, ಮತ್ತೆ ಬಂತು. ಮಧ್ಯಾಹ್ನಕ್ಕೆ ಹೋದಳು. ವ್ರತ ಪೂರ್ತಿಯಾಯಿತೆಂದು ಅಪ್ಪ ಬಂದವರಿಗೆ ಹೇಳಿದ. ನಾನು ಅಂದು ವಾದಿಸಲಿಲ್ಲ.

ಮೂರು ದಿನ ಬಿಟ್ಟು ಆ ತಟ್ಟಿಯನ್ನು ಕಿತ್ತುಹಾಕಲು ಹೋದೆ. ಬಾಜೂ ಗುಡಿಸಲಿನ ಮುದುಕಿಯೊಬ್ಬಳು ಕೋಲೂರಿಕೊಂಡು ಅದರ ಮರೆಯಿಂದ ಹೊರಬರುತ್ತಿದ್ದಳು. ನನ್ನನ್ನು ಕಂಡು ಮುಖ ತಿರುಗಿಸಿದಳು.

"ಇರ್ಲಿ ಬಿಡಪಾ ಅದು" ಎಂದಳು. "ನಾವು ಐದಾರು ಮಂದಿ ಅದೀವಿ."

ಅಂದು ಇಳಿಹೊತ್ತಿಗೆ ಅವಳು ತನ್ನ ಗುಡಿಸಲ ಮುಂದೆ ಕುಳಿತು ಊಟ ಮಾಡುತ್ತಿದ್ದಳು. ಸೊಸೆಯನ್ನು ಕರೆದು ಇನ್ನೊಂದು ರೊಟ್ಟಿ ಕೇಳಿದಳು. ನಮ್ಮ ಬಾಗಿಲಲ್ಲಿ ಕುಳಿತಿದ್ದ ನಾನು ಎದ್ದು ಒಳಗೆ ಹೋದೆ.