ಒಲೆಯ ಹಿಂದಿನ ಸೊನ್ನೆಗಳು

ಫೋರ್ತುನಾತಾಳ ಮನೆಯ ಒಲೆ ನಡುಹಗಲಲ್ಲಿ ಬರೆಯುತ್ತದೆ ಎಂದು ನಮ್ಮ ಬೀದಿಯಲ್ಲಿ ಹೇಳುತ್ತಿದ್ದರು. ಬೆಳಗಿನ ಬ್ರೆಡ್ಡು ಬೆಂದು, ಕೆಂಡ ಎಳೆದು, ಗುಮ್ಮಟದಂಥ ಆ ಮಣ್ಣಿನ ಒಲೆ ಆರುತ್ತಾ ಬರುವಾಗ ಅದರ ಹಿಂದಿನಿಂದ ಸ್ಲೇಟಿನ ಮೇಲೆ ಕಡ್ಡಿ ಎಳೆದಂತೆ ಕರ್ ಕರ್ ಎಂದು ಸದ್ದು ಬರುತ್ತಿತ್ತಂತೆ. ಕಾದ ಮಣ್ಣು ತಣಿಯುವಾಗ ಬಿರಿಯುವ ಸದ್ದು ಅದು ಎಂದು ಪಾದ್ರಿಗಳು ಹೇಳಿದ್ದರು. ಊಟವಾದ ಕೂಡಲೇ ಗೊರಕೆ ಹೊಡೆಯುವ ಪಾದ್ರಿಗಳಿಗೆ ನಡುಹಗಲಿನ ಸಂಗತಿ ಏನು ಗೊತ್ತು ಎಂದು ಹೆಂಗಸರು ನಕ್ಕರು. ಫೋರ್ತುನಾತಾಳ ಮಗ ಅಬೆಲೀನೊ ಸತ್ತು ಎಷ್ಟು ಕಾಲವಾದರೂ ಅವನ ಪಾಠ ಮುಗಿದಿಲ್ಲ, ತಾಯಿ ಅವನನ್ನು ಬಿಟ್ಟಿಲ್ಲ ಎನ್ನುತ್ತಿದ್ದರು.

ಬಿಟ್ಟಿರಲಿಲ್ಲ ಎಂಬುದಂತೂ ನಿಜ. ಸತ್ತವರಿಗೆ ನಮ್ಮ ಅರಾನಿ ಊರಿನಲ್ಲಿ ಮೂರು ವರ್ಷ ಸರ್ವಸಂತರ ಹಬ್ಬಕ್ಕೆ ಮೇಜು ಹಾಕುತ್ತೇವೆ. ಬ್ರೆಡ್ಡಿನ ಗೊಂಬೆ, ಆತ್ಮ ಇಳಿದು ಬರಲು, ಮತ್ತೆ ಹತ್ತಿ ಹೋಗಲು ಬ್ರೆಡ್ಡಿನ ಏಣಿ, ಅವರಿಗೆ ಇಷ್ಟವಾದ ತಿನಿಸು. ನಡುಹಗಲಿಗೆ ಬಂದವರು ಮರುದಿನ ನಡುಹಗಲಿಗೆ ಹೋಗುತ್ತಾರೆ. ಮೂರನೆಯ ವರ್ಷ ಹಾಡಿ, ಜೋಳದ ಹೆಂಡ ಚಿಚಾ ಕುಡಿದು, ಇನ್ನು ಬರಬೇಡ ಎಂದು ಕಳಿಸಿಕೊಡುತ್ತೇವೆ. ಫೋರ್ತುನಾತಾ ಮುದುಕಿಯಾದ ಮೇಲೂ ಮಗನಿಗೆ ಮೇಜು ಹಾಕುತ್ತಲೇ ಇದ್ದಳು. ಸತ್ತ ಮಗುವಿನ ಕೈಯಲ್ಲಿ ಸದಾ ಇದ್ದ ವಸ್ತುವನ್ನು ಮೇಜಿನ ನಡುವೆ ಇಡುವುದು ವಾಡಿಕೆ. ಬೇರೆಯವರ ಮೇಜಿನ ಮೇಲೆ ಬುಗುರಿಯೋ ಗಿಲಕಿಯೋ ಇರುತ್ತಿತ್ತು. ಅವಳ ಮೇಜಿನ ಮೇಲೆ ಸ್ಲೇಟು ಇರುತ್ತಿತ್ತು. ಕೊಚಬಂಬಾ ಪಟ್ಟಣದಲ್ಲಿದ್ದ ತಂಗಿ, ಬಂದು ನನ್ನ ಜೊತೆ ಇರು ಎಂದು ಪ್ರತಿವರ್ಷ ಹೇಳಿ ಕಳಿಸುತ್ತಿದ್ದಳು. ಹುಡುಗ ಬಂದಾಗ ಮನೆಗೆ ಬೀಗ ಇದ್ದರೆ ಏನು ಮಾಡುತ್ತಾನೆ ಎಂದು ಇವಳು ಹೋಗುತ್ತಿರಲಿಲ್ಲ.

ಅವಳಿಗೆ ಓದು ಬರಹ ಬಾರದು. ಮದುವೆ ಬರೆಸಿಕೊಳ್ಳುವ ಕಚೇರಿಯಲ್ಲಿ ಗುಮಾಸ್ತ ಅವಳ ಹೆಬ್ಬೆರಳನ್ನು ಹಿಡಿದು ಮಸಿಗೆ ಅದ್ದಿ, ಕುರಿಗೆ ಗುರುತು ಹಾಕುವವನಂತೆ ಕಾಗದಕ್ಕೆ ಒತ್ತಿದ್ದ. ನನ್ನ ಮಗನ ಬೆರಳನ್ನು ಯಾರೂ ಹೀಗೆ ಹಿಡಿಯಬಾರದು ಎಂದು ಅವಳು ಅಂದೇ ಗಟ್ಟಿ ಮಾಡಿಕೊಂಡಳು. ಅಬೆಲೀನೊಗೆ ನಾಲ್ಕು ತುಂಬುವಷ್ಟರಲ್ಲಿ ಇಗರ್ಜಿಯ ಗಂಟೆ ಹೊಡೆಯುವವನಿಂದ ಅವನ ಹೆಸರನ್ನು ಸ್ಲೇಟಿನ ಮೇಲೆ ಬರೆಸಿ ತಂದಳು. ಮಗನ ಮುಷ್ಟಿಯನ್ನು ತನ್ನ ಮುಷ್ಟಿಯೊಳಗೆ ಹಿಡಿದು ಅದರ ಮೇಲೆಯೇ ತಿದ್ದಿಸಿದಳು. ಹುಡುಗ ಕಡ್ಡಿಯನ್ನು ಬೂದಿಯಲ್ಲಿ ಬಚ್ಚಿಟ್ಟರೆ ಕೆದಕಿ ತೆಗೆಯುತ್ತಿದ್ದಳು. ಕೊನೆಗೆ ಅವನು ಬರೆದ. ನಮ್ಮ ತಾಯಂದಿರು ಅವನನ್ನು ಬೀದಿಗೆ ಕರೆದು ಮಣ್ಣಿನ ಮೇಲೆ ಬರೆಸಿ ನೋಡಿ ಚಪ್ಪಾಳೆ ತಟ್ಟುತ್ತಿದ್ದರು. ಅದೇ ಮಳೆಗಾಲದಲ್ಲಿ ಅವನಿಗೆ ಜ್ವರ ಬಂತು. ಕಣ್ಣು ಮುಚ್ಚಿಕೊಂಡೇ ಕಂಬಳಿಯ ಮೇಲೆ ಬೆರಳು ಆಡಿಸುತ್ತಿದ್ದನಂತೆ. ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ, ತಿದ್ದುವವನ ಹಾಗೆ. ತಾಯಿ ಆ ಬೆರಳುಗಳನ್ನು ಹಿಡಿದು ನಿಲ್ಲಿಸಲು ನೋಡಿದರೆ ಕೈ ಕಟ್ಟಿಗೆಯಂತೆ ಬಿಗಿಯುತ್ತಿತ್ತು. ಆ ಬಿಗಿ ತನ್ನ ಅಂಗೈಯಿಂದ ಹೋಗಲೇ ಇಲ್ಲ ಎಂದು ಅವಳು ನನ್ನ ತಾಯಿಯ ಮುಂದೆ ಒಮ್ಮೆ ಹೇಳಿದ್ದಳಂತೆ. ಹಿಟ್ಟು ನಾದುವಾಗ ಮಾತ್ರ ಸ್ವಲ್ಪ ಹೊತ್ತು ಮರೆತುಹೋಗುತ್ತಿತ್ತಂತೆ.

ಇಷ್ಟೆಲ್ಲ ಹಳೆಯದಾದ ಮೇಲೆ, ಪಕ್ಕದ ಮನೆಯಲ್ಲಿದ್ದ, ಸಂತೆಯಲ್ಲಿ ಈರುಳ್ಳಿ ಮಾರುವ ನೈದಾ ಎಂಬವಳು ತನ್ನ ಮಗಳು ಡಮಾರಿಸ್‌ಳನ್ನು ತಂದು ಫೋರ್ತುನಾತಾಳ ಅಂಗಳದಲ್ಲಿ ಬಿಟ್ಟಳು. ಮಗುವಿಗೆ ಆಗಷ್ಟೇ ನಾಲ್ಕು. ಬಾಲವಾಡಿಯಲ್ಲಿ ದಿನಾ ಪುಟ ತುಂಬ ಅಕ್ಷರ ತಿದ್ದಿಕೊಂಡು ಬರಲು ಕೊಡುತ್ತಿದ್ದರು. ಅದು ಆಗದೆ ಮಗು ಅಳುತ್ತಿತ್ತು, ತಾಯಿ ಹೊಡೆಯುತ್ತಿದ್ದಳು. ನಿಮ್ಮ ಮಗ ನಾಲ್ಕಕ್ಕೇ ಬರೆದನಂತಲ್ಲ, ಇವಳಿಗೂ ಹಾಗೇ ಕಲಿಸಿಕೊಡಿ ಎಂದು ಹೇಳಿ ನೈದಾ ಸಂತೆಗೆ ಓಡಿದಳು.

ಮುದುಕಿ ಮಗುವಿನ ಕೈಗೆ ಪೆನ್ಸಿಲು ಕೊಟ್ಟು ನೋಡಿದಳು. ಸೌಟು ಹಿಡಿದಂತೆ ಮುಷ್ಟಿಯಲ್ಲಿ ಹಿಡಿದ ಮಗು, ಒಂದು ಗೆರೆಗೆ ಭುಜದಿಂದ ಇಡೀ ತೋಳನ್ನೇ ಆಡಿಸಿತು. ಮುದುಕಿಯ ಕೈ ತಾನಾಗಿಯೇ ಆ ಮುಷ್ಟಿಯ ಮೇಲೆ ಹೋಯಿತು. ಅಷ್ಟರಲ್ಲಿ ಒಲೆಯ ಹಿಂದೆ ಕರ್ ಎಂದಿತು. ಅವಳು ಕೈ ಹಿಂದಕ್ಕೆ ಎಳೆದುಕೊಂಡು, ಪೆನ್ಸಿಲು ಕಿತ್ತಿಟ್ಟು, ಮಗುವಿಗೆ ಒಂದು ಉಂಡೆ ಹಿಟ್ಟು ಕೊಟ್ಟಳು.

ಅಂದಿನಿಂದ ಡಮಾರಿಸ್ ಹಿಟ್ಟಿನಲ್ಲಿ ಹಾವು ಹೊಸೆದಳು, ಬೆರಳ ತುದಿಯಲ್ಲಿ ಎಳ್ಳು ಹೆಕ್ಕಿ ಹಾವಿಗೆ ಕಣ್ಣಿಟ್ಟಳು, ಬ್ರೆಡ್ಡಿನ ಅಂಚು ಚಿವುಟಿದಳು. ಹಬ್ಬಕ್ಕೆ ಕೆಲವು ವಾರ ಮುಂಚೆ ಒಂದು ದಿನ ನೈದಾ ಪುಸ್ತಕ ಬಿಡಿಸಿ ನೋಡಿದರೆ ಎಲ್ಲಾ ಪುಟ ಖಾಲಿ.

"ನನ್ನ ಮಗಳು ಹಿಟ್ಟು ಕಲಸೋಕೆ ಹುಟ್ಟಿದ್ದಾ, ಡೋನ್ಯಾ ಫೋರ್ತುನಾತಾ? ನಿಮ್ಮ ಮಗ ಮಾತ್ರ ಬರೀಬೇಕಾ?" ಎಂದಳು.

ಮುದುಕಿ ಮೊರದ ಹಿಟ್ಟು ಜಾಡಿಸುತ್ತಾ ಹೇಳಿದಳು: "ಬರೆದದ್ದು ನನ್ನ ಕೈ ಕಣೇ. ಅವನ ಕೈ ಒಳಗೆ ಸಿಕ್ಕಿಹಾಕ್ಕೊಂಡಿತ್ತು, ಅಷ್ಟೇ."

"ಸತ್ತವನ ಕಥೆ ಹೇಳಿ ಬದುಕಿರೋಳ ಬಾಳು ಕೆಡಿಸಬೇಡಿ."

"ಇನ್ನೊಂದು ಮಗೂನ ಆ ಒಲೆ ಹಿಂದೆ ಕೂರಿಸೋ ಶಕ್ತಿ ನಂಗಿಲ್ಲ. ಬೇಕಾದ್ರೆ ಕರ್ಕೊಂಡು ಹೋಗು."

ನೈದಾ ಕರೆದುಕೊಂಡು ಹೋದಳು. ಗೋಡೆಯಾಚೆಯಿಂದ ಮಗುವಿನ ಅಳು ಸಂಜೆಸಂಜೆ ಕೇಳಿಸುತ್ತಿತ್ತು. ಮುದುಕಿ ಊಟ ಬಿಟ್ಟಳು.

ಆದರೆ ಆ ವರ್ಷ ನೈದಾಳ ತಾಯಿ ತೀರಿಕೊಂಡಿದ್ದಳು. ಹೊಸ ಆತ್ಮಕ್ಕೆ ಬ್ರೆಡ್ಡು ಆಗಲೇಬೇಕು. ಬೀದಿಗೆಲ್ಲ ಇದ್ದದ್ದು ಫೋರ್ತುನಾತಾಳ ಒಲೆ ಒಂದೇ. ಹಬ್ಬದ ಮುನ್ನಾದಿನ ನಾವೆಲ್ಲ ಹಿಟ್ಟಿನ ತಟ್ಟೆ ಹೊತ್ತುಕೊಂಡು ಅಲ್ಲಿ ಸೇರಿದಾಗ ನೈದಾ ಕೂಡ ಮುಖ ತಿರುಗಿಸಿಕೊಂಡು ಬಂದಳು. ಯಾರೂ ಹೇಳದೆಯೇ ಡಮಾರಿಸ್ ಹಲಗೆಯ ಮುಂದೆ ಕೂತು ಎರಡು ಉದ್ದನೆಯ ಹಾವು ಹೊಸೆದು, ಅಡ್ಡಡ್ಡ ಮೆಟ್ಟಿಲು ಚಿವುಟಿ ಅಂಟಿಸಿ ಏಣಿ ಮಾಡಿದಳು. ಸೊಟ್ಟ ಏಣಿಯೇ, ಆದರೆ ಒಂದು ಮೆಟ್ಟಿಲೂ ಕಳಚಿರಲಿಲ್ಲ. ಆಮೇಲೆ ಮಗು ಎಲ್ಲಿಗೋ ಮರೆಯಾಯಿತು.

ಹುಡುಕಿದರೆ ಒಲೆಯ ಹಿಂದೆ ಇತ್ತು. ಆ ಮೂಲೆಗೆ ಫೋರ್ತುನಾತಾ ಯಾರನ್ನೂ ಬಿಡುತ್ತಿರಲಿಲ್ಲ, ಸುಣ್ಣವನ್ನೂ ಬಳಿಸಿರಲಿಲ್ಲ. ಗೋಡೆಯಲ್ಲಿ ಮಗುವಿನ ಎತ್ತರಕ್ಕೆ ಇದ್ದಲಿನ ಗೀಚುಗಳು ಇದ್ದವು. ಅಬೆಲೀನೊ ತನಗೆ ಹೆದರಿ ಅಲ್ಲಿಯೂ ಹೆಸರು ತಿದ್ದುತ್ತಿದ್ದ ಎಂದೇ, ಅಕ್ಷರ ಬಾರದ, ಹತ್ತಿರ ಹೋಗಿ ನೋಡಲಾರದ ತಾಯಿ ಇಷ್ಟು ವರ್ಷ ನಂಬಿದ್ದಳು. ನಾವು ಬಗ್ಗಿ ನೋಡಿದೆವು. ಒಂದೂ ಅಕ್ಷರ ಇರಲಿಲ್ಲ, ಹಾಗೆಂದೇ ಅವಳಿಗೆ ಹೇಳಿದೆವು. ಬರೀ ಸುತ್ತುಗಳು, ಸುತ್ತಿ ಸುತ್ತಿ ಬಂದು ತುದಿ ಸೇರದೆ ಉಳಿದ ಸೊನ್ನೆಗಳು. ತಾಯಿಯ ಕಣ್ಣು ತಪ್ಪಿಸಿ ಹುಡುಗ ತನ್ನಷ್ಟಕ್ಕೆ ಆಡಿದ್ದ.

ಡಮಾರಿಸ್ ಇದ್ದಲ ಚೂರನ್ನು ಮೂರು ಬೆರಳಲ್ಲಿ, ಎಳ್ಳು ಹೆಕ್ಕಿದಂತೆ ಹಿಡಿದಿದ್ದಳು. ಪಕ್ಕದಲ್ಲಿ ತಾನೊಂದು ಸೊನ್ನೆ ಬರೆದು, ತುದಿಗೆ ತುದಿ ಸೇರಿಸಿದ್ದಳು.

"ಇದು ಬಾಯಿ ಬಿಟ್ಕೊಂಡಿದೆ ಅಜ್ಜಿ. ಮುಚ್ಲಾ?" ಎಂದು ಹಳೆಯ ಸುತ್ತೊಂದನ್ನು ತೋರಿಸಿದಳು.

ಮುದುಕಿ ಬಗ್ಗಿ ಆ ಸುತ್ತಿನ ಬಿಟ್ಟ ತುದಿಯನ್ನು ಬೆರಳಲ್ಲಿ ಮುಟ್ಟಿ ನೋಡಿದಳು. ನೈದಾ ಮಗಳನ್ನು ಎಳೆಯಲು ಮುಂದೆ ಬಂದವಳು ಅಲ್ಲೇ ನಿಂತಳು.

"ಮುಚ್ಚು ಮಗಾ," ಎಂದಳು ಫೋರ್ತುನಾತಾ.

ಮಗು ನಾಲಿಗೆ ಕಚ್ಚಿಕೊಂಡು ನಿಧಾನವಾಗಿ ಮುಚ್ಚಿತು. ನಡುಹಗಲಾಗಿತ್ತು. ಒಲೆ ಸದ್ದು ಮಾಡಲಿಲ್ಲ.

ಮರುದಿನ ಅಬೆಲೀನೊನ ಮೇಜಿನ ಮೇಲೆ ಸ್ಲೇಟು ಇರಲಿಲ್ಲ. ಆ ಜಾಗದಲ್ಲಿ ಡಮಾರಿಸ್ ಮಾಡಿದ ಸೊಟ್ಟ ಏಣಿ ಇತ್ತು, ಪಕ್ಕದಲ್ಲಿ ಒಂದು ಉಂಡೆ ಹಸಿ ಹಿಟ್ಟು. ನೈದಾ ಪುಟಗಳ ಮಾತು ಎತ್ತಲಿಲ್ಲ. ಗೋಡೆಯಾಚೆ ಅಳು ನಿಂತಿತು. ಎಷ್ಟೋ ತಿಂಗಳ ನಂತರ ಒಂದು ದಿನ, ನನ್ನ ಹೆಸರು ಹೇಗಿರುತ್ತೆ ಅಮ್ಮಾ ಎಂದು ಮಗು ತಾನಾಗಿ ಕೇಳಿತಂತೆ. ಅದನ್ನು ಕೇಳಲು ಮುದುಕಿ ಊರಲ್ಲಿ ಇರಲಿಲ್ಲ.

ಆ ಹಬ್ಬದಲ್ಲೇ, ಆತ್ಮಗಳು ಹೊರಡುವ ದಿನ, ಸೂರ್ಯ ನೆತ್ತಿಗೆ ಬಂದಾಗ, ಅವಳು ಮೊದಲ ಬಾರಿಗೆ ಎಲ್ಲರ ಜೊತೆ ನೆಲಕ್ಕೆ ಚಿಚಾ ಚೆಲ್ಲಿ ಬೀಳ್ಕೊಡುವ ಹಾಡು ಹಾಡಿದಳು. ಮೇಜಿನ ಮೇಲಿನ ಹಿಟ್ಟಿನ ಉಂಡೆಯ ಮೇಲೆ ಪುಟ್ಟ ಬೆರಳುಗಳ ಗುರುತು ಇತ್ತು ಎಂದು ಕೆಲವರು ಹೇಳುತ್ತಾರೆ, ಡಮಾರಿಸ್ ಮುಟ್ಟಿದ್ದಿರಬೇಕು ಎಂದು ಉಳಿದವರು. ಫೋರ್ತುನಾತಾ ಬಟ್ಟೆಯ ಗಂಟು ಬೆನ್ನಿಗೆ ಕಟ್ಟಿಕೊಂಡು, ಒಲೆಯ ಕಡೆ ತಿರುಗಿ ನೋಡದೆ, ತಂಗಿಯ ಊರಿನ ಬಸ್ಸಿಗೆ ಹೊರಟಳು. ಬಾಗಿಲಿಗೆ ಬೀಗ ಹಾಕಲಿಲ್ಲ. ಬೀದಿಯುದ್ದಕ್ಕೂ ಅವಳ ಬಲಗೈ ಚಿಕ್ಕ ಮಗುವನ್ನು ನಡೆಸಿಕೊಂಡು ಹೋಗುವವರ ಕೈಯಂತೆ ಸೊಂಟದ ಕೆಳಗೆ ಚಾಚಿಕೊಂಡಿತ್ತು. ಬೆರಳುಗಳು ಸಡಿಲವಾಗಿ ಬಿಚ್ಚಿಕೊಂಡಿದ್ದವು.