ಸುಣ್ಣ ಬಳಿದ ಕಲ್ಲುಗಳು

ಅದು ೧೯೯೮. ನಮ್ಮ ಯಜಮಾನರಿಗೆ ಬೆನ್ನು ಹಿಡಿದು, ಹಾಸಿಗೆ ಬಿಟ್ಟು ಏಳಲಾರದ ಹಾಗಾದ ವರ್ಷ. ಅರಸೀಕೆರೆಯಲ್ಲಿ ನಮ್ಮದು ಪಂಪು, ಪೈಪಿನ ಅಂಗಡಿ. "ಹೆಂಗಸು ಏನು ನಡೆಸ್ತಾಳೆ ಬಿಡಿ" ಅಂದವರ ಎದುರಿಗೇ ನಾನು ಹೋಗಿ ಗಲ್ಲಾದಲ್ಲಿ ಕೂತೆ. ನನಗೆ ಮೊದಲೇ ಬಾಯಿ ಜೋರು, ಅಂಗಡಿಗೆ ಬಂದ ಮೇಲೆ ಇನ್ನೂ ಜೋರಾಯಿತು.

ಪೈಪಿನ ಕಂಪನಿಯವರು ವರ್ಷಕ್ಕೊಂದು ಸಲ ಡೀಲರುಗಳ ಸಭೆ ಮಾಡುತ್ತಿದ್ದರು. ಆ ಸಲ ಹಳೇಬೀಡಿನಲ್ಲಿ. ಮ್ಯಾನೇಜರು ಮೊದಲೇ ನಮ್ಮನ್ನೆಲ್ಲ ಕರೆಸಿ, "ಊಟ, ಭಾಷಣ, ಗಿಫ್ಟು ಅಂತ ಎಷ್ಟು ವರ್ಷ ಮಾಡೋದ್ರೀ? ಈ ಸಲ ಸಮಾಜಕ್ಕೆ, ಪರಿಸರಕ್ಕೆ ಏನಾದ್ರೂ ಒಳ್ಳೇದು ಮಾಡಿ ಹೋಗೋಣ. ನೂರು ಗಿಡ ನೆಡೋಣ. ಯಾರು ಜವಾಬ್ದಾರಿ ತಗೋತೀರಿ?" ಅಂದರು. ಗಂಡಸರೆಲ್ಲ ಮುಖ ಮುಖ ನೋಡಿಕೊಂಡರು. ನಾನು ಕೈ ಎತ್ತಿದೆ. ತೋರಿಸಬೇಕಿತ್ತಲ್ಲ!

ಹಳೇಬೀಡಿನಿಂದ ಸ್ವಲ್ಪ ದೂರದ ಒಂದು ಹಳ್ಳಿ, ಹೆಸರು ಬೇಡ. ಅಲ್ಲಿನ ದೊಡ್ಡ ಮನುಷ್ಯರೊಬ್ಬರು ಊರಾಚೆಯ ಒಂದು ಬಯಲು ತೋರಿಸಿ, "ಖಾಲಿ ಬಿದ್ದೈತೆ ಕಣಮ್ಮ, ಕೇಳೋರಿಲ್ಲ" ಅಂದರು. ಅಲ್ಲಲ್ಲಿ ಕಲ್ಲು, ನಡುವೆ ತಂಗಡಿ ಗಿಡ. ಆ ಊರಿನ ಕೂಲಿಯವರು ಬಹಳಷ್ಟು ಜನ ಅರೇಹಳ್ಳಿ ಕಡೆ ಕಾಫಿ ಎಸ್ಟೇಟಿಗೆ ಹೋಗಿದ್ದರು. ಉಳಿದವರನ್ನು ಹುಡುಕಿಕೊಂಡು ಕೇರಿಗೆ ಹೋಗುವಷ್ಟು ತಾಳ್ಮೆ ನನಗೆಲ್ಲಿ? ನಮ್ಮ ಕಡೆಯ ಕಣಕಟ್ಟೆಯಿಂದ ಗೊತ್ತಿದ್ದ ಎಂಟು ಆಳುಗಳನ್ನು ಟ್ರ್ಯಾಕ್ಟರಿನಲ್ಲಿ ಹತ್ತಿಸಿಕೊಂಡು ಬಂದೆ.

ಅವರಲ್ಲೊಬ್ಬ ವಯಸ್ಸಾದವನು ಹಾರೆ ಊರಿ ನಿಂತುಬಿಟ್ಟ. "ಅಮ್ಮಾವ್ರೇ, ಈ ಕಲ್ಲು ಸುಮ್ಕೆ ಬಿದ್ದಿರಂಗೆ ಕಾಣಕ್ಕಿಲ್ಲ. ಯಾರೋ ಮಡಗಿದಂಗೈತೆ."

"ನಿನಗೆ ಕೂಲಿ ಕೊಡೋದು ಗುಂಡಿ ತೆಗೆಯೋಕೆ, ಕತೆ ಹೇಳೋಕಲ್ಲ. ಕೆಲಸ ನೋಡಯ್ಯ" ಅಂತ ಗದರಿಸಿದೆ. ಅವನು ಹಾರೆ ಎತ್ತಿಕೊಂಡ.

ತಂಗಡಿಯನ್ನೆಲ್ಲ ಸವರಿಸಿದೆ. ಕಲ್ಲುಗಳನ್ನು ಒಂದು ಕಡೆ ರಾಶಿ ಹಾಕಿಸಿದೆ. ಆಮೇಲೆ ನನ್ನ ತಲೆಗೆ ಒಂದು ಉಪಾಯ ಹೊಳೆಯಿತು. ಆ ಕಲ್ಲಿಗೆಲ್ಲ, ಸಾಲದ್ದಕ್ಕೆ ಹೊರಗಿಂದ ತರಿಸಿದ ಕಲ್ಲಿಗೂ ಸುಣ್ಣ ಬಳಿಸಿ, ಒಂದೊಂದು ಗಿಡದ ಸುತ್ತ ಉಂಗುರದ ಹಾಗೆ ಇಡಿಸಿದೆ. ಹತ್ತು ಸಾಲು, ಸಾಲಿಗೆ ಹತ್ತು ಗಿಡ. ಸಭೆಯ ದಿನ ಬಸ್ಸಿನಿಂದ ಇಳಿದ ಮ್ಯಾನೇಜರು, "ಮೇಡಂ, ಎಷ್ಟು ಅಚ್ಚುಕಟ್ಟು!" ಅಂದರು. ಫೋಟೋ ತೆಗೆದರು, ಚಪ್ಪಾಳೆ ಹೊಡೆದರು. ಅವತ್ತು ನನ್ನ ಕಾಲು ನೆಲದ ಮೇಲಿರಲಿಲ್ಲ.

ಗಿಡಕ್ಕೆ ನೀರು ಹಾಕಲು ಗೊತ್ತು ಮಾಡಿದ್ದವರು ಹಾಕುತ್ತಿದ್ದಾರೋ ಇಲ್ಲವೋ ನೋಡೋಣ ಅಂತ ಹದಿನೈದು ದಿನ ಬಿಟ್ಟು ಬಸ್ಸು ಹತ್ತಿದೆ. ಅವತ್ತು ಅಮಾವಾಸ್ಯೆ. ದೂರದಿಂದಲೇ ಕಂಡಿತು, ಯಾರೋ ಹೆಂಗಸು ಗಿಡದ ಬುಡದಲ್ಲಿ ಕೂತು ಕಲ್ಲು ಕೀಳುತ್ತಿದ್ದಳು. ಮೈಯೆಲ್ಲ ಉರಿದುಹೋಯಿತು.

"ಏಯ್, ಯಾರೇ ನೀನು? ಬುದ್ಧಿ ಇದೆಯೇನೇ? ಕಷ್ಟಪಟ್ಟು ನೆಟ್ಟಿರೋದನ್ನ ಕೀಳ್ತಿದೀಯಾ?"

ತಿರುಗಿದಳು. ಇಪ್ಪತ್ತು ಇಪ್ಪತ್ತೆರಡರ ಹುಡುಗಿ. ಸೆರಗೆಲ್ಲ ಸುಣ್ಣ.

"ಗಿಡ ಮುಟ್ಟಿಲ್ಲ ಕಣ್ರವ್ವಾ. ನಮ್ ಕೂಸಿನ ಕಲ್ಲು ಹುಡುಕ್ತಾ ಇವ್ನಿ."

ನನಗೆ ಅರ್ಥವಾಗಲಿಲ್ಲ. ಅವಳೇ ಬಿಡಿಸಿ ಹೇಳಿದಳು. ಅವರ ಕೇರಿಯಲ್ಲಿ ಎಳೆ ಮಕ್ಕಳು ತೀರಿಕೊಂಡರೆ ಅಲ್ಲೇ ಹೂಳುವುದು. ಗುರುತಿಗೆ ಒಂದು ಕಲ್ಲು. ಯುಗಾದಿ ಕಳೆದ ಮೇಲೆ ಇವಳ ಎಂಟು ತಿಂಗಳ ಗಂಡು ಮಗು ಜ್ವರದಲ್ಲಿ ಹೋಗಿತ್ತು. ಮಣ್ಣು ಮಾಡಿ, ವಾರ ಕಳೆಯುವ ಮೊದಲೇ ಗಂಡ ಹೆಂಡತಿ ಎಸ್ಟೇಟಿನ ಕೆಲಸಕ್ಕೆ ಹೋಗಿದ್ದರು. "ಅಮಾಸೆಗೆ ಕೂಸಿಗೆ ಹಾಲು ಬಿಡಾನ ಅಂತ ಬಂದೆ ಕಣವ್ವ. ಒಂದು ತಂಗಡಿ ಗಿಡದ ಪಕ್ಕ ಇತ್ತು. ಕಲ್ಲಿನ ಒಂದು ಮೂಲೆ ಮುರಿದಿತ್ತು. ಈಗ ಗಿಡನೂ ಇಲ್ಲ, ಎಲ್ಲಾ ಕಲ್ಲೂ ಒಂದೇ ತರ ಆಗವೆ."

ಅಯ್ಯೋ ದೇವರೇ! ಇದೆಲ್ಲ ಮಾಡಿಸಿದವಳು ನಾನೇ ಅಂತ ಹೇಳಲು ಬಾಯಿ ಬರಲಿಲ್ಲ. ಅಷ್ಟು ಜೋರಿನ ಬಾಯಿ! ಸುಮ್ಮನೆ ಅವಳ ಪಕ್ಕ ಕೂತು ನಾನೂ ಹುಡುಕತೊಡಗಿದೆ. ನೀರಿನ ಬಾಟಲಿಯಿಂದ ಸೆರಗು ನೆನೆಸಿಕೊಂಡು ಒಂದೊಂದೇ ಕಲ್ಲು ಉಜ್ಜಿದೆವು. ಮೂಲೆ ಮುರಿದದ್ದು ಮೂರು ಸಿಕ್ಕವು. ಒಂದೊಂದನ್ನೂ ಅವಳು ತೊಡೆಯ ಮೇಲೆ ಇಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದಳು. ಕೊನೆಗೆ ಕೆಳಗಿಟ್ಟು ನನ್ನ ಮುಖ ನೋಡಿದಳು.

"ಕಲ್ಲು ಸಿಕ್ಕಿದ್ರೂ ಅದನ್ನ ಎಲ್ಲಿ ಮಡಗ್ಲಿ ಕಣವ್ವ?"

ನನಗೆ ಅಳು ತಡೆಯಲಾಗಲಿಲ್ಲ. "ನಾನೇ ಕಣವ್ವ ಮಾಡಿಸಿದ್ದು. ಗೊತ್ತಾಗಲಿಲ್ಲ. ನಾಳೆನೇ ಗಿಡ ಎಲ್ಲಾ ಕೀಳಿಸಿ ಹಾಕ್ತೀನಿ" ಅಂದೆ. ಬೈಯಲಿ, ಮಣ್ಣು ತೂರಲಿ ಅಂತ ಕಾದೆ. ಅವಳು ಗಾಬರಿಯಿಂದ ನನ್ನ ಕೈ ಹಿಡಿದುಕೊಂಡಳು.

"ಬ್ಯಾಡಿ, ಬ್ಯಾಡಿ. ಇನ್ನೊಂದು ಸಲ ಅಗೀಬ್ಯಾಡಿ. ಮಲಗವ್ನೆ."

ಎದ್ದು, ತಂದಿದ್ದ ಪುಟ್ಟ ತಂಬಿಗೆ ತೆಗೆದುಕೊಂಡಳು. ಮೊದಲ ಸಾಲಿನ ಮೊದಲ ಗಿಡದ ಬುಡಕ್ಕೆ ನಾಲ್ಕು ಹನಿ ಹಾಲು ಬಿಟ್ಟು ಕೈ ಮುಗಿದಳು. ಆಮೇಲೆ ಎರಡನೆಯದಕ್ಕೆ. ಆಮೇಲೆ ಮೂರನೆಯದಕ್ಕೆ. ನಾನು ಹಿಂದೆ ಹಿಂದೆ ನಡೆದೆ. ನಾಲ್ಕನೇ ಸಾಲಿನ ನಡುವೆ ತಂಬಿಗೆ ಬರಿದಾಯಿತು. "ತಾಳು, ಊರೊಳಗಿಂದ ತಂದುಕೊಡ್ತೀನಿ" ಅಂದೆ. "ಬ್ಯಾಡ ಕಣವ್ವ, ಹೆತ್ತೋಳು ತಂದಿದ್ದೇ ಆಗ್ಬೇಕು" ಅಂದಳು. ಸಂಜೆ ಬಸ್ಸಿಗೆ ಮತ್ತೆ ಎಸ್ಟೇಟಿಗೆ ಹೋಗಬೇಕಿತ್ತಂತೆ. ಹೊರಟುಬಿಟ್ಟಳು.

ಜಾಗ ತೋರಿಸಿದವರ ಮನೆಗೆ ನುಗ್ಗಿ ಕೇಳಿದೆ. "ಗೊತ್ತಿತ್ತಮ್ಮ. ಆ ಕೇರಿಯೋರು ಮಕ್ಕಳನ್ನ ಮಣ್ಣು ಮಾಡ್ತಾರೆ. ಅದನ್ನೂ ಒಂದು ಜಾಗ ಅಂತಾರಾ?" ಅಂದರು. ಅವರ ಮಾನ ಕಳೆಯಬೇಕು ಅಂತಲೇ ಹೋಗಿದ್ದೆ. ಆದರೆ ಹಾರೆ ಊರಿ ನಿಂತಿದ್ದ ಆ ಆಳಿನ ಮುಖ ಕಣ್ಣೆದುರು ಬಂತು. ಅವನು ಹೇಳಿದ್ದನಲ್ಲ, ನಾನು ತಾನೇ ಗದರಿಸಿದ್ದು! ಹೊಸಿಲು ದಾಟಿ ವಾಪಸು ಬಂದೆ.

ಆಮೇಲೂ ಎಷ್ಟೋ ಸಭೆಗಳಾದವು, ಎಷ್ಟೋ ಒಳ್ಳೆಯ ಕೆಲಸಗಳ ಮಾತಾಯಿತು. ಯಾರಿಗೇ ಉಪಕಾರ ಮಾಡಲು ಹೊರಟರೂ ಮೊದಲು ಅವರ ಬಾಗಿಲಿಗೆ ಹೋಗಿ ಒಂದು ಮಾತು ಕೇಳಬೇಕು ಅನ್ನುವುದನ್ನು ನಾನು ಕಲಿತೆ. ಕಲಿತ ಬಗೆ ಮಾತ್ರ ಯಾರಿಗೂ ಬೇಡ. ಗಿಡದ ಗುಂಡಿಗಳು ಮೊಣಕಾಲುದ್ದವೂ ಇರಲಿಲ್ಲ, ಮಕ್ಕಳಿಗೆ ತಾಗಿರಲಿಕ್ಕಿಲ್ಲ ಅಂತ ನನಗೆ ನಾನೇ ಎಷ್ಟೋ ಸಲ ಸಮಾಧಾನ ಹೇಳಿಕೊಂಡಿದ್ದೇನೆ. ಆದರೆ ಇನ್ನೊಂದಕ್ಕೆ ಸಮಾಧಾನವೇ ಇಲ್ಲ. ಮೂರೂವರೆ ಸಾಲಿಗೆ ಹಾಲು ಮುಗಿಯಿತಲ್ಲ, ಆ ಮಗು ಉಳಿದ ಸಾಲುಗಳಲ್ಲಿ ಇದ್ದಿದ್ದರೆ?