ನೋಡದ ಕೋಣೆಗೆ ಹಸಿರು ಗುರುತು

ಹಳೆಯ ಕಟ್ಟಡಗಳನ್ನು ನೋಡುವುದೇ ನನ್ನ ಗಂಡನ ಕೆಲಸ. ಇಲ್ಲಿ ಕುವೈತಿನಲ್ಲಿ ಕಟ್ಟಡದ ಮಾಲೀಕರು ಬೆಂಕಿ ವಿಮೆ ಮಾಡಿಸುವ ಮೊದಲು ಯಾರಾದರೂ ಹೋಗಿ ನೋಡಿ, ಇದು ವಿಮೆಗೆ ಯೋಗ್ಯ ಎಂದು ಬರೆದುಕೊಡಬೇಕು. ಹಾಗೆ ಬರೆದುಕೊಡುವ ಕಂಪನಿಯೊಂದರಲ್ಲಿ ಅವರಿಗೆ ಹತ್ತೊಂಬತ್ತು ವರ್ಷ. ತಾರಸಿ ಹತ್ತುತ್ತಾರೆ, ನೀರಿನ ಪೈಪಿಗೆ ಕಿವಿಗೊಡುತ್ತಾರೆ, ಬೆರಳ ಗೆಣ್ಣಿನಿಂದ ಗೋಡೆ ಬಡಿದು ನೋಡುತ್ತಾರೆ. ಅಂಗಿಯ ಜೇಬಿನಲ್ಲಿ ಚಿಕ್ಕ ಡೈರಿ. ಅದರಲ್ಲಿ ಕನ್ನಡದಲ್ಲಿ ಗೀಚು: ‘ಮೂರನೇ ಮಾಳಿಗೆ ಬಚ್ಚಲು, ತೇವ.’ ‘ಟ್ಯಾಂಕಿ ಕಾಲು, ತುಕ್ಕು.’

ಆ ಗೀಚನ್ನು ಇಂಗ್ಲಿಷ್ ವರದಿ ಮಾಡುವುದು ಮದುವೆಯಾಗಿ ಬಂದ ವರ್ಷದಿಂದಲೂ ನನ್ನ ಕೆಲಸ. ಖೈತಾನಿನ ನಮ್ಮ ಫ್ಲ್ಯಾಟಿನ ಊಟದ ಮೇಜಿನ ಮೇಲೆ ಸಾರಿನ ಪಾತ್ರೆ ಸರಿಸಿ ಕೂತು ಬರೆಯುತ್ತಿದ್ದೆ. ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ಇಂಗ್ಲಿಷಿಗೆ ಬೇರೆ ಉಪಯೋಗವೂ ಇರಲಿಲ್ಲ ಎನ್ನಿ. ಅವರ ಡೈರಿಗೂ ನನಗೂ ನಡುವೆ ಬಾಯಿಬಿಟ್ಟು ಹೇಳದ ಒಂದು ಕ್ರಮವಿತ್ತು. ಕೆಟ್ಟದ್ದನ್ನು ಮಾತ್ರ ಅವರು ಬರೆಯುವುದು. ಬರೆಯದೆ ಬಿಟ್ಟದ್ದೆಲ್ಲ ಸರಿ ಇದೆ ಎಂದು ಲೆಕ್ಕ. ‘ಉಳಿದಂತೆ ಕಟ್ಟಡ ಸುಸ್ಥಿತಿಯಲ್ಲಿದೆ’ ಎಂಬ ಒಂದು ವಾಕ್ಯದಲ್ಲಿ ನಾನು ಆ ಮೌನವನ್ನೆಲ್ಲ ಮುಗಿಸುತ್ತಿದ್ದೆ.

ಹೋದ ವರ್ಷ ಕಂಪನಿ ಹೊಸ ಫಾರ್ಮ್ ತಂದಿತು. ಮೂವತ್ತು ವರ್ಷ ದಾಟಿದ ಕಟ್ಟಡಗಳಿಗೆಲ್ಲ ಒಂದೇ ಫಾರ್ಮ್, ಅದೂ ಟ್ಯಾಬಿನಲ್ಲಿ. ತಾರಸಿ, ವಿದ್ಯುತ್ತು, ನೀರು, ಎಸಿ ಎಂದು ನಾಲ್ಕು ಭಾಗ. ಪ್ರತಿ ಪ್ರಶ್ನೆಗೂ ಹಸಿರು ಗುರುತು ಇಲ್ಲವೇ ಕೆಂಪು ಗುರುತು. ಕೆಂಪು ಒತ್ತಿದರೆ ಫೋಟೋ ಕೇಳುತ್ತದೆ. ಖಾಲಿ ಬಿಟ್ಟರೆ ಮುಂದಕ್ಕೇ ಹೋಗುವುದಿಲ್ಲ. ವಾಕ್ಯ ಬರೆಯಲು ಜಾಗವಿಲ್ಲ.

“ಗೋಡೆ ಬಡಿದಾಗ ಬರುವ ಶಬ್ದ ಇದರಲ್ಲಿ ಎಲ್ಲಿ ಹಾಕುದು ಮಾರಾಯ್ತಿ?” ಎಂದು ಅವರು ಮೊದಲ ದಿನವೇ ಕೇಳಿದ್ದರು. ಆಮೇಲೆ ಟ್ಯಾಬನ್ನು ನನ್ನ ಕಡೆ ತಳ್ಳಿ, ಹಳೆಯ ಡೈರಿಯನ್ನೇ ಮುಂದುವರಿಸಿದರು. ಅವರ ಗುಪ್ತಸಂಖ್ಯೆ ಹಾಕಿ ನಾನೇ ಗುರುತು ಒತ್ತತೊಡಗಿದೆ. ಮಗಳು ಒಮ್ಮೆ ಬಗ್ಗಿ ನೋಡಿ, “ಅಮ್ಮಾ, ಯು ಆರ್ ನಾಟ್ ಸಪೋಸ್ಡ್ ಟು ಲಾಗಿನ್ ಆ್ಯಸ್ ಪಪ್ಪ” ಎಂದಳು. “ಓದ್ಲಿಕ್ಕಿಲ್ವಾ ನಿಂಗೆ?” ಎಂದು ಅವಳನ್ನು ಓಡಿಸಿದ್ದೆ.

ಒಂದು ಗುರುವಾರ ಅವರು ಹವಲ್ಲಿಯ ಐದು ಮಾಳಿಗೆಯ ಕಟ್ಟಡವೊಂದನ್ನು ನೋಡಿ ಬಂದರು. ಬಿಸಿಲಿಗೆ ಮುಖ ಕೆಂಪಾಗಿತ್ತು, ತಲೆನೋವು. ಮಜ್ಜಿಗೆ ಕುಡಿದು ಮಲಗಿಬಿಟ್ಟರು. ಫಾರ್ಮ್ ಕಳಿಸಲು ಅಂದೇ ಕೊನೆ. ಎಬ್ಬಿಸುವುದು ಬೇಡವೆಂದು ಜೇಬಿನಿಂದ ಡೈರಿ ತೆಗೆದು ನಾನೇ ಕೂತೆ. ತಾರಸಿಗೆ ಎರಡು ಸಾಲು, ನೀರಿಗೆ ಮೂರು, ಎಸಿಗೆ ಒಂದು. ಅವಕ್ಕೆ ಕೆಂಪು ಒತ್ತಿ, ಅವರ ಫೋನಿನಲ್ಲಿದ್ದ ಫೋಟೋ ಸೇರಿಸಿದೆ. ವಿದ್ಯುತ್ತಿಗೆ ಏನೂ ಇರಲಿಲ್ಲ. ಎಂದಿನಂತೆ ಅಲ್ಲೆಲ್ಲ ಹಸಿರು ಒತ್ತಿ ಕಳಿಸಿದೆ. ಎಷ್ಟು ಬೇಗ ಮುಗಿಯಿತು ಎಂದು ಖುಷಿಯೂ ಆಯಿತು.

ಸಂಜೆ ಚಹಾ ಕುಡಿಯುತ್ತ ಅವರೆಂದರು, “ಶನಿವಾರ ಪುನಃ ಹವಲ್ಲಿಗೆ ಹೋಗ್ಬೇಕು. ಫಾರ್ಮಿಗೆ ಎರಡು ದಿನ ಜಾಸ್ತಿ ಕೇಳ್ತೇನೆ.”

“ಎಂತಕ್ಕೆ?”

“ಮೀಟರ್ ಕೋಣೆಗೆ ಬೀಗ, ಕೀಲಿ ಸಿಗ್ಲಿಲ್ಲ. ಕರೆಂಟಿಂದು ಎಂತದೂ ನೋಡ್ಲಿಕ್ಕೇ ಆಗ್ಲಿಲ್ಲ.”

ನನ್ನ ಕೈಯಲ್ಲಿದ್ದ ರಸ್ಕು ಚಹಾದಲ್ಲಿ ಕರಗಿ ಮುಳುಗಿತು. ಫಾರ್ಮ್ ಆಗಲೇ ಕಳಿಸಿದ್ದನ್ನು ನಾನು ಹೇಳಿದೆ. ಅವರು ಲೋಟ ಕೆಳಗಿಟ್ಟರು.

“ಎಂತ ಮಾಡಿದ್ದು ನೀನು?”

“ನೀವು ಏನೂ ಬರೀಲಿಲ್ಲ ಅಲ್ವಾ?”

“ನೋಡ್ಲಿಲ್ಲ, ಅದಕ್ಕೆ ಬರೀಲಿಲ್ಲ.”

“ಇಷ್ಟು ವರ್ಷ ಬರೀದೆ ಇದ್ದದ್ದು ಸರಿ ಉಂಟು ಅಂತಲ್ವಾ ಇದ್ದದ್ದು?”

ಅವರು ಟ್ಯಾಬ್ ತೆರೆದರು. ಕಳಿಸಿದ ಫಾರ್ಮನ್ನು ತಿದ್ದಲು ಬರುವುದಿಲ್ಲ, ಮೇಲಿನವರೇ ತೆರೆದುಕೊಡಬೇಕು. ತೆರೆದುಕೊಡಿ ಎಂದರೆ ಯಾಕೆಂದು ಕೇಳುತ್ತಾರೆ. ಗುಪ್ತಸಂಖ್ಯೆ ಇನ್ನೊಬ್ಬರಿಗೆ ಕೊಟ್ಟರೆ ಕೆಲಸದಿಂದ ತೆಗೆಯುತ್ತೇವೆ ಎಂಬ ಕಾಗದಕ್ಕೆ ಇವರು ಸಹಿ ಮಾಡಿದ್ದಾರೆ. ಕೆಲಸ ಹೋದರೆ ಇಕಾಮಾ, ಅಂದರೆ ಇಲ್ಲಿ ವಾಸಿಸುವ ಪರವಾನಗಿ, ಹೋಗುತ್ತದೆ, ಇಕಾಮಾ ಹೋದರೆ ನಾವು ಮೂವರೂ ಇಲ್ಲಿರುವ ಹಾಗಿಲ್ಲ. ಮಗಳು ಹನ್ನೆರಡನೇ ಕ್ಲಾಸು. ಇಷ್ಟನ್ನೂ ಅವರು ಬಾಯಿಬಿಟ್ಟು ಹೇಳಲಿಲ್ಲ. ಹೆಬ್ಬೆರಳಿನಿಂದ ಮೇಜಿನ ಅಂಚನ್ನು ಉಜ್ಜುತ್ತ ಕೂತಿದ್ದರು, ಅಷ್ಟೆ.

ಕೊನೆಗೆ, “ನಾಳೆಯೇ ಹೋಗುವಾ. ಒಳಗೆ ಎಲ್ಲ ಸರಿ ಇದ್ರೆ ನೀನು ಒತ್ತಿದ್ದು ಸುಳ್ಳಾಗುದಿಲ್ಲ” ಎಂದರು. ಆ ಮಾತನ್ನು ಹಿಡಿದುಕೊಂಡೇ ನಾನು ಅಡುಗೆ ಮಾಡಿದೆ, ಬಟ್ಟೆ ಮಡಿಸಿದೆ, ದೇವರ ಮುಂದೆ ನಿಂತು ಒಂದು ಮೀಟರ್ ಬೋರ್ಡಿಗಾಗಿ ಬೇಡಿಕೊಂಡೆ.

ಶುಕ್ರವಾರ ಬೆಳಿಗ್ಗೆ ಇಬ್ಬರೂ ಹೋದೆವು. ಕಟ್ಟಡ ಕಾಯುವ ಹಾರಿಸ್ ಕೈಯಾಡಿಸಿ, ಕೀಲಿ ತನ್ನಲ್ಲಿಲ್ಲ, ಕೆಳಗಿನ ಮೊಬೈಲ್ ಅಂಗಡಿಯವನ ಹತ್ತಿರ ಎಂದ. ಅಂಗಡಿಯಾತ ಬಂಟ್ವಾಳದ ಕಡೆಯ ಬ್ಯಾರಿ. ಇವರ ಕೊರಳಿನ ಕಂಪನಿ ಕಾರ್ಡು ನೋಡಿ, ನಮ್ಮ ಮಾತಿನ ರಾಗ ಕೇಳಿದ್ದೇ ಸ್ಟೂಲು ಎಳೆದುಕೊಟ್ಟ.

“ಎಂತ ಅಕ್ಕ, ಸಾರ್ ಮೇಲೆ ಡೌಟಾ? ಡ್ಯೂಟಿಗೂ ಒಟ್ಟಿಗೆ ಬಂದದ್ದು!”

ನಾನು ನಗಲು ನೋಡಿದೆ. ಇವರು, “ಮೀಟರ್ ಕೋಣೆ ತೆಗೀರಿ ಭಾಯಿ” ಎಂದರು.

“ಅದು ಪಾಸಾಯ್ತಲ್ಲ? ನಿನ್ನೆಯೇ ಓನರಿಗೆ ಮೆಸೇಜ್ ಬಂದಿದೆ. ನೀರಿಂದು, ತಾರಸಿದು ಸ್ವಲ್ಪ ರಿಪೇರಿ, ಕರೆಂಟಿಂದು ಎಲ್ಲ ಓಕೆ ಅಂತ ನನಗೆ ಫೋನ್ ಮಾಡಿದ್ರು.”

“ಒಮ್ಮೆ ತೆಗೀರಿ.”

“ಜುಮಾ ನಮಾಜಿಗೆ ಹೋಗ್ಲಿಕ್ಕುಂಟು ನಂಗೆ. ಬೇಗ ಆಗ್ಬೇಕು ಆಯ್ತಾ?” ಎನ್ನುತ್ತ ಗಲ್ಲಾದಿಂದ ಕೀಲಿ ತೆಗೆದ.

ಬಾಗಿಲು ಪೂರ್ತಿ ತೆರೆಯಲಿಲ್ಲ. ಒಳಗೆ ಆಳೆತ್ತರಕ್ಕೆ ಅವನ ಅಂಗಡಿಯ ಖಾಲಿ ರಟ್ಟಿನ ಪೆಟ್ಟಿಗೆಗಳು. ಅವನು ನಾಲ್ಕೈದನ್ನು ಹೊರಗೆಳೆದ ಮೇಲೆ ಇವರು ಅಡ್ಡಡ್ಡವಾಗಿ ಒಳಗೆ ನುಗ್ಗಿದರು. ಹಿಂದೆಯೇ ನಾನು. ಮೊದಲು ಬಂದದ್ದು ವಾಸನೆ, ಇಸ್ತ್ರಿಪೆಟ್ಟಿಗೆಯನ್ನು ನೈಲಾನಿನ ಮೇಲೆ ಮರೆತಾಗ ಬರುವಂಥದು. ಬೋರ್ಡಿನ ಎಡಮೂಲೆ ಕಂದಾಗಿ ಉಬ್ಬಿತ್ತು. ದಪ್ಪ ವೈರಿನ ಮೇಲೆ ಸುತ್ತಿದ್ದ ಟೇಪು ಕರಗಿ ಗೋಡೆಗೆ ಇಳಿದಿತ್ತು. ಇವರು ಕೈಯ ಹಿಂಬದಿಯನ್ನು ಒಂದು ಗೇಣು ದೂರದಲ್ಲಿ ಹಿಡಿದು ತಕ್ಷಣ ಹಿಂದಕ್ಕೆ ತೆಗೆದರು. ಸಾಲಾಗಿ ಹದಿನೆಂಟು ಮೀಟರು, ಪ್ರತಿಯೊಂದರ ಮೇಲೂ ಫ್ಲ್ಯಾಟಿನ ನಂಬರು. ಹನ್ನೊಂದರ ಮೇಲೆ ಯಾವುದೋ ಮಗು ಗುಲಾಬಿ ಬೆಕ್ಕಿನ ಚಿತ್ರ ಅಂಟಿಸಿತ್ತು.

“ಇದು ಯಾವಾಗಿಂದ ಹೀಗೆ?” ಇವರ ಧ್ವನಿ ಸಣ್ಣದಾಗಿತ್ತು.

“ಬೇಸಿಗೆಗೆ ಸ್ವಲ್ಪ ವಾಸ್ನೆ ಬರ್ತದೆ ಸಾರ್. ಎಸಿ ಲೋಡು.” ಅವನು ನಮ್ಮ ಮುಖ ನೋಡಿ ಮೆತ್ತಗಾದ. “ಪೆಟ್ಟಿಗೆ ಎಲ್ಲ ಇವತ್ತೇ ಖಲಾಸ್ ಮಾಡ್ತೇನೆ. ಎಲೆಕ್ಟ್ರಿಶಿಯನ್ ಉಂಟು, ನಮ್ಮ ಊರಿನವ್ನೇ. ನಾಡಿದ್ದು ಬಂದು ಸರಿ ಮಾಡ್ತಾನೆ. ನೀವು ಬರೆದದ್ದು ಹೇಗೂ ಬರೆದಾಯ್ತಲ್ಲ, ಯಾರಿಗೆ ಗೊತ್ತಾಗ್ತದೆ?”

ನನ್ನ ಗಂಡ ಹೊರಗೆಳೆದ ಪೆಟ್ಟಿಗೆಗಳ ಕಡೆ ನೋಡಿದರು. ಅವರು ಆ ಮಾತನ್ನು ತೂಗುತ್ತಿದ್ದಾರೆಂದು ನನಗೆ ಗೊತ್ತಾಯಿತು. ಹೇಳಲು ನಾಚಿಕೆಯಾಗುತ್ತದೆ, ನಾನೂ ತೂಗಿದೆ. ನಾಡಿದ್ದು ಎಂದರೆ ಎರಡೇ ದಿನ. ಮೇಲೆ ಯಾರೋ ವಾಷಿಂಗ್ ಮಷೀನ್ ಹಾಕಿದರೋ ಏನೋ, ಬೋರ್ಡಿನೊಳಗೆ ಚಿಟ್ ಚಿಟ್ ಎಂದಿತು.

“ಫೋನ್ ಮಾಡಿ,” ಎಂದೆ.

“ಮಾಡಿದ್ರೆ ಎಂತ ಆಗ್ತದೆ ಗೊತ್ತುಂಟಲ್ಲ?”

“ಗೊತ್ತುಂಟು. ನಾನೇ ಒತ್ತಿದ್ದು ಅಂತ ಹೇಳಿ.”

“ನಿನ್ನ ಹೆಸರು ಯಾಕೆ?”

“ನೀವೇ ಒತ್ತಿದ್ದು ಅಂದ್ರೆ, ನೋಡಿ ಒತ್ತಿದ್ದು ಅಂತೀರಾ, ನೋಡದೆ ಒತ್ತಿದ್ದು ಅಂತೀರಾ? ಎರಡೂ ನಿಮ್ಮ ತಲೆಗೇ.”

ಅವರು ಮ್ಯಾನೇಜರಿಗೆ ಫೋನ್ ಹಚ್ಚಿದರು. ರಜೆಯ ದಿನ, ಹಿಂದೆ ಮಕ್ಕಳ ಗಲಾಟೆ ಕೇಳುತ್ತಿತ್ತು. ಇವರು ಇಂಗ್ಲಿಷಿನಲ್ಲಿ ಎರಡು ಮಾತು ಆಡಿ ನಿಂತುಬಿಟ್ಟರು. ನಾನು ಫೋನು ತೆಗೆದುಕೊಂಡೆ. ಡೈರಿಯಲ್ಲಿ ಏನೂ ಇರಲಿಲ್ಲ, ಸರಿ ಇದೆ ಎಂದುಕೊಂಡೆ, ಒತ್ತಿದ್ದು ನನ್ನ ಬೆರಳು, ಈಗ ಆ ಬೋರ್ಡಿನ ಮುಂದೆ ನಿಂತಿದ್ದೇನೆ, ಅದು ಬೇಯುತ್ತಿದೆ ಎಂದೆ. ಮ್ಯಾನೇಜರು, “ಮೊದಲು ಕರೆಂಟ್ ತೆಗೆಸಿ. ಉಳಿದದ್ದು ಭಾನುವಾರ” ಎಂದು ಇಟ್ಟುಬಿಟ್ಟರು.

ವಿದ್ಯುತ್ ಇಲಾಖೆಯವರು ಬಂದು ಕರೆಂಟ್ ತೆಗೆಯುವಾಗ ಮಧ್ಯಾಹ್ನವಾಗಿತ್ತು. ಹೊರಗೆ ಬೆಂಕಿಯಂಥ ಬಿಸಿಲು. ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಮೆಟ್ಟಿಲ ಮೇಲೆ ಬಂದು ಕೂತರು. “ಯಾರದು ನನ್ನ ಅಡುಗೆ ಹಾಳು ಮಾಡಿದ್ದು?” ಎಂದು ಒಬ್ಬಾಕೆ ಹಿಂದಿಯಲ್ಲಿ ಗದರಿದಳು. ಅವಳ ಮನೆಯಲ್ಲಿ ಅಂದು ಅತಿಥಿಗಳಿದ್ದರಂತೆ. ನಾನು ತಲೆ ತಗ್ಗಿಸಿ ನಿಂತೆ. ನಮಾಜು ಮುಗಿಸಿ ಬಂದ ಅಂಗಡಿಯಾತ ಮಾತ್ರ ಏನೂ ಅನ್ನದೆ ನೀರಿನ ಬಾಟಲಿಗಳ ಕಟ್ಟೊಂದನ್ನು ಒಡೆದು ಎಲ್ಲರಿಗೂ ಹಂಚಿದ.

ಭಾನುವಾರ ಇವರು ನಡೆದದ್ದನ್ನೆಲ್ಲ ಬರೆದುಕೊಟ್ಟು ಬಂದರು. ಕೆಲಸ ಹೋಗಲಿಲ್ಲ. ಆದರೆ ಟ್ಯಾಬ್ ವಾಪಸು ತೆಗೆದುಕೊಂಡರು. ಮುಂದಿನ ಆದೇಶದವರೆಗೆ ಕಟ್ಟಡಗಳಿಗೆ ಹೋಗುವಂತಿಲ್ಲ, ಆಫೀಸಿನಲ್ಲಿ ಕೂತು ಬೇರೆಯವರ ಫಾರ್ಮುಗಳನ್ನು ಪರೀಕ್ಷಿಸಬೇಕು.

“ಬೇರೆಯವರು ಎಂತ ಹೇಳಿದ್ರು?” ಎಂದು ಕೇಳಿದೆ.

“ಎಲ್ರೂ ಒಬ್ಬೊಬ್ಬರಾಗಿ ಬಂದು ಬೆನ್ನು ತಟ್ಟಿದ್ರು. ನಾವೂ ಬೀಗ ಹಾಕಿದ ಕೋಣೆಗೆ ಹಸಿರೇ ಒತ್ತುದು, ಇಲ್ಲದಿದ್ರೆ ಫಾರ್ಮ್ ಹೋಗುದೇ ಇಲ್ಲ ಅಂದ್ರು.”

“ಅವ್ರೂ ಬರೆದುಕೊಟ್ರಾ?”

ಅವರು ಕಾಲುಚೀಲ ಬಿಚ್ಚುತ್ತಿದ್ದರು. “ಯಾರೂ ಇಲ್ಲ,” ಎಂದರು. “ನಾಳೆಯಿಂದ ಅವ್ರ ಫಾರ್ಮೆಲ್ಲ ನನ್ನ ಟೇಬಲ್ಲಿಗೇ ಬರುದು. ಯಾವ ಹಸಿರು ನೋಡಿದ್ದು, ಯಾವುದು ನೋಡದ್ದು, ನಂಗೆ ಹೇಗೆ ಗೊತ್ತಾಗ್ಬೇಕು?”